ಗವಂತಿಗೆ ದಾರಿ ಹಾಕುವುದು: ಕಸೂತಿ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತಯಾರಿಸುವ ಕ್ರಮ

ಕಸೂತಿ ಹಾಕುವವರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾರೆ. ಇಳಕಲ್ ಸೀರೆಯ ಸೆರಗಿನ ಮೇಲಿನ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಲೆಕ್ಕದ ಮೇಲೆ ನಿಂತ ಆಕೃತಿಗಳು. ಲೆಕ್ಕ ಅಂದಮೇಲೆ ಕಂಪ್ಯೂಟರಿಗೆ ಕೆಲಸವಿದೆ, ಆದರೆ ಅದು ಹೊಲಿಯುವ ಕೆಲಸವಲ್ಲ. ಎಂಬ್ರಾಯ್ಡರಿ ಮಷೀನು ಮೇಲಿನ ದಾರವನ್ನೂ ಕೆಳಗಿನ ಬಾಬಿನ್ ದಾರವನ್ನೂ ಒಂದಕ್ಕೊಂದು ಸಿಕ್ಕಿಸುತ್ತ ಹೋಗುತ್ತದೆ. ಕಸೂತಿಯ ಹೊಲಿಗೆಗಳಲ್ಲಿ ಒಂದಾದ ಗವಂತಿಯಲ್ಲಿ ಒಂದೇ ದಾರ, ಗಂಟಿಲ್ಲದೆ, ಬಟ್ಟೆಯ ಎರಡೂ ಮೈಗಳಲ್ಲಿ ಅದೇ ಚಿತ್ರವನ್ನು ಬಿಡಿಸಬೇಕು. ಮಷೀನಿನಲ್ಲಿ ಹೊಡೆದದ್ದನ್ನು ಧಾರವಾಡದ ಕಸೂತಿ ಎಂದು ಮಾರುವವರಿದ್ದಾರೆ. ಬಟ್ಟೆ ತಿರುವಿ ಹಾಕಿದರೆ ಸಾಕು, ಗೊತ್ತಾಗುತ್ತದೆ.

ಕಂಪ್ಯೂಟರ್ ಚೆನ್ನಾಗಿ ಮಾಡುವುದು ಎರಡು ಕೆಲಸಗಳನ್ನು: ಬಟ್ಟೆಯ ಎಳೆಗೆ ಸರಿಹೊಂದುವ ಚೌಕುಳಿ ಹಾಕಿಕೊಡುವುದು, ಸೂಜಿ ಎಲ್ಲಿಂದ ಹೊರಟು ಎಲ್ಲಿಗೆ ಮರಳಬೇಕೆಂದು ಮೊದಲೇ ಗುರುತಿಸಿಕೊಡುವುದು. ಇಲ್ಲಿ ಬಳಸಿರುವುದು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶ, ಅದರ 1.0 ನಂತರದ ಆವೃತ್ತಿ. ಹಳೆಯ ಲ್ಯಾಪ್‌ಟಾಪ್ ಸಾಕು.

ಬಟ್ಟೆ ಮೊದಲು, ಪರದೆ ಆಮೇಲೆ

ನಕ್ಷೆ ಬರೆದು ಆಮೇಲೆ ಬಟ್ಟೆ ಹುಡುಕಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಕಲಿಯುವವರಿಗೆ ಇಂಚಿಗೆ 14 ತೂತಿನ ಐಡಾ ಬಟ್ಟೆ ಒಳ್ಳೆಯದು. ಅದರಲ್ಲಿ ಒಂದು ಮನೆ (ಒಂದು ಹೊಲಿಗೆ ಹಿಡಿಸುವ ಚೌಕ) ಅಂದರೆ 25.4 ಭಾಗಿಸು 14, ಸುಮಾರು 1.814 ಮಿ.ಮೀ. ಅಡ್ಡಕ್ಕೂ ಉದ್ದಕ್ಕೂ ಒಂದೇ ಅಳತೆ. ಖಾದಿ, ಕೈಮಗ್ಗದ ಹತ್ತಿ ಅಥವಾ ಸೀರೆಯಾದರೆ ಹಾಗಿರುವುದಿಲ್ಲ. ಉದ್ದಕ್ಕೆ ಹೋಗುವ ಹಾಸಿನ ಎಳೆ ಒಂದು ಲೆಕ್ಕ, ಅಡ್ಡಕ್ಕೆ ಹೋಗುವ ಹೊಕ್ಕಿನದು ಇನ್ನೊಂದು.

ಹತ್ತಿಯಾದರೆ ಎಣಿಸುವ ಮೊದಲು ಒಮ್ಮೆ ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಬಟ್ಟೆ ಕುಗ್ಗಿದರೆ ಇಂಚಿನ ಲೆಕ್ಕವೇ ಬದಲಾಗುತ್ತದೆ. ಎಣಿಸಲು ಎರಡು ದಾರಿ. ಕೈಮಗ್ಗದವರು ಬಳಸುವ ಎಳೆ ಎಣಿಸುವ ಮಸೂರ ಸಿಕ್ಕರೆ ಅದನ್ನು ಬಟ್ಟೆಯ ಮೇಲಿಟ್ಟು ಇಂಚಿನ ಲೆಕ್ಕ ನೇರವಾಗಿ ತೆಗೆಯಬಹುದು. ಇಲ್ಲದಿದ್ದರೆ ಸ್ಕ್ಯಾನರಿನ ಗಾಜಿನ ಮೇಲೆ ಬಟ್ಟೆಯನ್ನು ನೆಟ್ಟಗೆ ಹಾಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಹಾಗೆ ಮಾಡಿದಾಗ ಒಂದು ಇಂಚಿಗೆ 600 ಪಿಕ್ಸೆಲ್. ಚಿತ್ರವನ್ನು ಹಿಗ್ಗಿಸಿ ಹತ್ತು ಎಳೆ ಎಷ್ಟು ಪಿಕ್ಸೆಲ್ ಹಿಡಿಯುತ್ತವೆಂದು ಅಳೆಯಿರಿ. 125 ಬಂದರೆ ಒಂದು ಎಳೆಗೆ 12.5, ಅಂದರೆ ಇಂಚಿಗೆ 48 ಎಳೆ. ಬಟ್ಟೆಯ ಮೂರು ಕಡೆ ಅಳೆದು ಸರಾಸರಿ ತೆಗೆಯಿರಿ. ಅಂಚಿನ ಹತ್ತಿರ ಎಳೆ ಒತ್ತಾಗಿರುತ್ತದೆ, ಅಲ್ಲಿ ಅಳೆಯಬೇಡಿ.

ಉದಾಹರಣೆಗೆ, ಹಾಸು ಇಂಚಿಗೆ 48, ಹೊಕ್ಕು 40 ಇರುವ ಬಟ್ಟೆ ಎಂದಿಟ್ಟುಕೊಳ್ಳಿ. ನಾಲ್ಕು ಎಳೆಗೊಂದು ಹೊಲಿಗೆ ಹಾಕಿದರೆ ಅಡ್ಡಕ್ಕೆ ಇಂಚಿಗೆ 12 ಹೊಲಿಗೆ, ಒಂದೊಂದು 2.117 ಮಿ.ಮೀ. ಮೇಲ್ಮುಖವಾಗಿ ಇಂಚಿಗೆ 10, ಒಂದೊಂದು 2.54 ಮಿ.ಮೀ. ಪರದೆಯ ಮೇಲೆ 24 ಮನೆ ಅಗಲ, 30 ಮನೆ ಎತ್ತರದ ಗೋಪುರ ಅಂದವಾಗಿ ಕಂಡಿರುತ್ತದೆ. ಬಟ್ಟೆಗೆ ಬಂದಾಗ ಅದು 50.8 ಮಿ.ಮೀ. ಅಗಲ, 76.2 ಮಿ.ಮೀ. ಎತ್ತರವಾಗಿ ಸೆಟೆದು ನಿಲ್ಲುತ್ತದೆ. ಇರಬೇಕಾದ ಎತ್ತರ 63.5. ಗೋಪುರ ಉದ್ದವಾದರೆ ಹೇಗೋ ನಡೆದೀತು, ಆನೆ ಉದ್ದವಾದರೆ ಕುದುರೆಯಾಗುತ್ತದೆ.

ಪರಿಹಾರ ಎರಡು. ಮೊದಲನೆಯದು ನಕ್ಷೆಯಲ್ಲೇ ಸಾಲು ತೆಗೆಯುವುದು: 30ರ ಬದಲು 25 ಸಾಲು ಇಟ್ಟರೆ 25 ಗುಣಿಸು 2.54, ಸರಿಯಾಗಿ 63.5 ಮಿ.ಮೀ. ಐದೂ ಸಾಲನ್ನು ಒಂದೇ ಕಡೆ ಕಿತ್ತರೆ ಆಕಾರ ಹಾಳಾಗುತ್ತದೆ, ಒಂದೊಂದು ಅಂತಸ್ತಿನಿಂದ ಒಂದೊಂದು ತೆಗೆಯಿರಿ. ಎರಡನೆಯದು ಹೊಲಿಗೆಗೆ ಹಿಡಿಯುವ ಎಳೆಗಳನ್ನೇ ಬೇರೆ ಮಾಡುವುದು: ಅಡ್ಡ ಹೊಲಿಗೆಗೆ ಹಾಸಿನ 6 ಎಳೆ, ನಿಂತ ಹೊಲಿಗೆಗೆ ಹೊಕ್ಕಿನ 5 ಎಳೆ. ಎರಡೂ ಇಂಚಿನ ಎಂಟನೇ ಒಂದು ಭಾಗ, 3.175 ಮಿ.ಮೀ. ಮನೆ ಪೂರ್ತಿ ಚೌಕವಾಗುತ್ತದೆ. ಆದರೆ ಹೊಲಿಗೆ ದೊಡ್ಡದು, ಮೇಜಿನ ಹೊದಿಕೆಗೆ ಸರಿ, ಕುಪ್ಪಸಕ್ಕೆ ಒರಟು. ಸೂಕ್ಷ್ಮ ಕೆಲಸಕ್ಕೆ ಸಾಲು ತೆಗೆಯುವುದೇ ವಾಸಿ.

ಚೌಕುಳಿ

ಇಂಕ್‌ಸ್ಕೇಪ್ ತೆರೆದು ಫೈಲ್ → ಡಾಕ್ಯುಮೆಂಟ್ ಪ್ರಾಪರ್ಟೀಸ್ → ಗ್ರಿಡ್ಸ್‌ಗೆ ಹೋಗಿ ಆಯತದ ಗ್ರಿಡ್ ಸೇರಿಸಿ. ಅಳತೆಯ ಮಾನ ಮಿ.ಮೀ. ಇರಲಿ. ಸ್ಪೇಸಿಂಗ್ ಎಕ್ಸ್‌ಗೆ ಅಡ್ಡ ಹೊಲಿಗೆಯ ಅಳತೆ, ಸ್ಪೇಸಿಂಗ್ ವೈಗೆ ನಿಂತ ಹೊಲಿಗೆಯ ಅಳತೆ. ಮೇಲಿನ ಬಟ್ಟೆಗೆ 2.117 ಮತ್ತು 2.54. ಎದ್ದು ಕಾಣುವ ದಪ್ಪ ಗೆರೆಯನ್ನು ಪ್ರತಿ 10 ಮನೆಗೊಂದರಂತೆ ಇಡಿ. ಮುಂದೆ ಬಟ್ಟೆಯ ಮೇಲೂ ಇದೇ ಹತ್ತರ ಲೆಕ್ಕ ಬರುತ್ತದೆ.

ಆಮೇಲೆ ಎಡಿಟ್ → ಪ್ರಿಫರೆನ್ಸಸ್ → ಟೂಲ್ಸ್‌ನಲ್ಲಿ ಬೌಂಡಿಂಗ್ ಬಾಕ್ಸನ್ನು ಜಾಮೆಟ್ರಿಕ್‌ಗೆ ಬದಲಿಸಿ. ಇದನ್ನು ಬಿಟ್ಟರೆ ಗೆರೆಯ ದಪ್ಪವೂ ಅಳತೆಗೆ ಸೇರಿಕೊಳ್ಳುತ್ತದೆ. ಅರ್ಧ ಮಿ.ಮೀ. ಗೆರೆಯ ಆಕೃತಿಯನ್ನು ಅದರ ಅಗಲ ನೋಡಿ ದಡಿಯುದ್ದಕ್ಕೂ ನಕಲು ಮಾಡುತ್ತ ಹೋದರೆ ಹತ್ತನೆಯ ಹೊತ್ತಿಗೆ ಎರಡು ಮನೆ ತಪ್ಪಿರುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ.

ಸ್ನ್ಯಾಪಿಂಗ್ ಆನ್ ಮಾಡಿ, ಗ್ರಿಡ್‌ಗೆ ಮಾತ್ರ ಅಂಟುವಂತೆ ಇಡಿ. ಇಲ್ಲೊಂದು ಮೋಸವಿದೆ: ಪುಟವನ್ನು ಚಿಕ್ಕದಾಗಿ ನೋಡುವಾಗ ಸಣ್ಣ ಗೆರೆಗಳು ಮರೆಯಾಗುತ್ತವೆ, ಕಾಣದ ಗೆರೆಗೆ ಪೆನ್ನು ಅಂಟುವುದಿಲ್ಲ. ಐದಾರು ಮನೆ ದಾಟಿ ಹಾರಿ ಕೂರುತ್ತದೆ. ಎಲ್ಲ ಗೆರೆಗಳೂ ಕಾಣುವಷ್ಟು ಹಿಗ್ಗಿಸಿಕೊಂಡೇ ಬರೆಯಿರಿ.

ಬರೆಯಲು ಪೆನ್ ಟೂಲ್, ಗೆರೆಯ ದಪ್ಪ 0.4 ಮಿ.ಮೀ., ಒಳಗೆ ಬಣ್ಣ ಬೇಡ. ಒಂದು ಮನೆಗೆ ಒಂದು ಕ್ಲಿಕ್. ಆರು ಮನೆಯ ಗೆರೆಯನ್ನು ಒಂದೇ ಎಳೆತದಲ್ಲಿ ಎಳೆದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಆದರೆ ಮುಂದೆ ಒಂದೊಂದು ಹೊಲಿಗೆಗೂ ಬಣ್ಣ ಹಚ್ಚುವಾಗ ಮತ್ತೆ ಕತ್ತರಿಸುತ್ತ ಕೂರಬೇಕು. ಓರೆ ಗೆರೆ ಎಳೆಯುವಾಗ ಕಂಟ್ರೋಲ್ ಕೀಲಿ ಒತ್ತಬೇಡಿ. ಅದು ಕೋನವನ್ನು ತನ್ನ ಲೆಕ್ಕಕ್ಕೆ ತಿರುಗಿಸುತ್ತದೆ. ಮನೆ ಚೌಕವಲ್ಲದಿದ್ದಾಗ ಓರೆ ಹೊಲಿಗೆ 45 ಡಿಗ್ರಿ ಇರುವುದೇ ಇಲ್ಲ, ಮನೆಯ ಮೂಲೆಯಿಂದ ಮೂಲೆಗೆ ಹೋದರೆ ಸಾಕು.

ಮೊದಲ ಆಕೃತಿ: ಎಂಟು ಮೂಲೆಯ ನಕ್ಷತ್ರ

ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ 24 ಮೂಲೆಯ ನಕ್ಷತ್ರ. ಒಂದು ಚೌಕವನ್ನು 15 ಡಿಗ್ರಿಗೊಮ್ಮೆ ತಿರುಗಿಸುತ್ತ ಆರು ಸಲ ಬರೆದರೆ ಅಂಥ 24 ಮೂಲೆ ಸಿಗುತ್ತವೆ. ಎಳೆ ಎಣಿಸುವ ಬಟ್ಟೆಯಲ್ಲಿ ಅದು ಸಾಧ್ಯವಿಲ್ಲ. ನೆಟ್ಟಗೆ, ಅಡ್ಡ, ಓರೆ ಬಿಟ್ಟರೆ ಬೇರೆ ದಿಕ್ಕಿಲ್ಲ. ಎರಡು ಚೌಕಗಳ, ಎಂಟು ಮೂಲೆಯ ನಕ್ಷತ್ರ ಮಾತ್ರ ಬರುತ್ತದೆ, ಅದೂ ಸ್ವಲ್ಪ ಹೊಂದಿಸಿಕೊಂಡು.

ನಡುವೆ ಒಂದು ಬಿಂದು ಗುರುತು ಮಾಡಿ. ಅಲ್ಲಿಂದ ನಾಲ್ಕೂ ಕಡೆ 5 ಮನೆ ಬಿಟ್ಟು ಚೌಕ ಬರೆಯಿರಿ: ಬದಿಗೆ 10 ಹೊಲಿಗೆ, ಒಟ್ಟು 40. ಓರೆ ಚೌಕದ ತುದಿಗಳು ನಡುವಿನಿಂದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ 7 ಮನೆ ದೂರದಲ್ಲಿ. ತುದಿಯಿಂದ ತುದಿಗೆ 7 ಓರೆ ಹೊಲಿಗೆ, ಒಟ್ಟು 28. ಎರಡೂ ಚೌಕ ಸಮನಾಗಿರಬೇಕಾದರೆ 5ಕ್ಕೆ 7.07 ಬೇಕು. 7 ಅದಕ್ಕೆ ಎಷ್ಟು ಹತ್ತಿರವೆಂದರೆ ಕಣ್ಣು ಹಿಡಿಯುವುದಿಲ್ಲ. ಇನ್ನೂ ದೊಡ್ಡದು ಬೇಕಾದರೆ 12ಕ್ಕೆ 17. ಗೆರೆಗಳು ಒಂದನ್ನೊಂದು ದಾಟುವ ಎಂಟು ಜಾಗಗಳೂ ಮನೆಯ ಮೂಲೆಗೇ ಬೀಳುತ್ತವೆ, ಈ ಆಕೃತಿಯನ್ನು ಆರಿಸಿದ್ದು ಅದಕ್ಕೇ. ಮನೆಯ ನಡುವೆ ಗೆರೆ ದಾಟುವ ನಕ್ಷೆಯನ್ನು ಗವಂತಿಯಲ್ಲಿ ಹಾಕಲು ಹೋಗಬೇಡಿ, ಅಲ್ಲಿ ಸೂಜಿ ಇಳಿಸಲು ತಾವಿಲ್ಲ.

14ರ ಐಡಾದಲ್ಲಿ ಈ ನಕ್ಷತ್ರ ಸರಿಯಾಗಿ ಒಂದು ಇಂಚು. ಒಟ್ಟು 68 ಹೊಲಿಗೆ.

ಸೂಜಿಯ ದಾರಿ

ಗವಂತಿಯಲ್ಲಿ ಪ್ರತಿ ಗೆರೆಯ ಮೇಲೆ ದಾರ ಎರಡು ಸಲ ಹೋಗಬೇಕು, ಒಮ್ಮೆ ಮೇಲ್ಮೈಯಲ್ಲಿ, ಒಮ್ಮೆ ಹಿಂಮೈಯಲ್ಲಿ. ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಸೂಜಿ ಹೋಗುತ್ತದೆ, ಮರಳುವಾಗ ಬಿಟ್ಟ ಮನೆ ತುಂಬುತ್ತದೆ. ನೆಟ್ಟ ಗೆರೆಗೆ ಇದು ಸುಲಭ. ಕವಲು, ಸುತ್ತು ಬಂದಾಗಲೇ ತಲೆ ಕೆಡುವುದು. ನಿಯಮ ಒಂದೇ: ಯಾವ ದಾರಿಯಲ್ಲಿ ಹೋದಿರೋ ಅದೇ ದಾರಿಯಲ್ಲಿ ಮರಳಿ ಬನ್ನಿ, ನಡುವೆ ಸಿಕ್ಕ ಕವಲನ್ನು ಪೂರ್ತಿ ಹೋಗಿ ಬಂದು ಮುಗಿಸಿ. ಕವಲಿನಲ್ಲಿ ಎಷ್ಟೇ ಹೊಲಿಗೆ ಇರಲಿ, ಹೋಗಿ ಬಂದರೆ ಸಮಸಂಖ್ಯೆ. ಆದ್ದರಿಂದ ಮುಖ್ಯ ದಾರಿಯ ಮೇಲೆ-ಕೆಳಗಿನ ಸರದಿ ಕೆಡುವುದಿಲ್ಲ.

ಸುತ್ತು ಇರುವಲ್ಲಿ ಬಹಳ ಮಂದಿ ಎಡವುತ್ತಾರೆ. ಸುತ್ತು ಮುಗಿಸಿದ ಮೇಲೆ ಅದೇ ದಿಕ್ಕಿನಲ್ಲಿ ಎರಡನೇ ಸುತ್ತು ಹೊರಡುತ್ತಾರೆ. ಸುತ್ತಿನಲ್ಲಿ ಬೆಸ ಹೊಲಿಗೆ ಇದ್ದರೆ ಅದು ಸರಿಯಾಗಿಯೇ ಬರುತ್ತದೆ. ಸಮ ಇದ್ದರೆ ಮೊದಲು ಮೇಲೆ ಬಂದ ಹೊಲಿಗೆಯ ಮೇಲೇ ಮತ್ತೆ ಮೇಲೆ ಬಂದು ಅಲ್ಲಿ ದಾರ ಜೋಡಿಯಾಗುತ್ತದೆ, ಬಿಟ್ಟ ಮನೆ ಖಾಲಿಯೇ ಉಳಿಯುತ್ತದೆ. ಒಂದು ಆಕೃತಿಗೆ ಕೂಡಿ ಬಂದದ್ದು ಇನ್ನೊಂದಕ್ಕೆ ಯಾಕೆ ಕೈಕೊಟ್ಟಿತು ಅನ್ನುವವರಿಗೆ ಉತ್ತರ ಇಷ್ಟೇ. ಬಂದ ದಿಕ್ಕಿಗೆ ತಿರುಗಿ ಮರಳಿದರೆ ಸಮವೂ ಸರಿ, ಬೆಸವೂ ಸರಿ.

ಈ ದಾರಿಯನ್ನು ನಕ್ಷೆಯಲ್ಲೇ ಬಣ್ಣದಿಂದ ಬರೆದಿಡಿ. ನಕ್ಷೆಯ ಲೇಯರನ್ನು ನಕಲು ಮಾಡಿ ಅದಕ್ಕೆ ‘ದಾರಿ’ ಎಂದು ಹೆಸರಿಡಿ. ಹೋಗುವಾಗ ಮೇಲ್ಮೈಯಲ್ಲಿ ಬೀಳುವ ಹೊಲಿಗೆಗೆ ಕೆಂಪು, ಮರಳುವಾಗ ಮೇಲ್ಮೈಯಲ್ಲಿ ತುಂಬುವುದಕ್ಕೆ ನೀಲಿ. ದಾರಿಯುದ್ದಕ್ಕೂ ಕೆಂಪು, ನೀಲಿ ಸರದಿಯಲ್ಲಿ ಬರಬೇಕು. ಕವಲು ಒಡೆಯುವ ಬಿಂದುವಿನಿಂದ ಮುಂದಕ್ಕೆ ಹೊರಡುವ ಎಲ್ಲ ಗೆರೆಗಳ ಮೊದಲ ಹೊಲಿಗೆ ಒಂದೇ ಬಣ್ಣ, ಆ ಬಿಂದುವಿಗೆ ಬಂದ ಹೊಲಿಗೆಯದು ಇನ್ನೊಂದು ಬಣ್ಣ.

ನಕ್ಷತ್ರಕ್ಕೆ ಹೀಗೆ. ನೆಟ್ಟ ಚೌಕವನ್ನು ಮುಖ್ಯ ದಾರಿ ಮಾಡಿಕೊಳ್ಳಿ. ಬಲಬದಿಯಲ್ಲಿ ಎರಡು ಗೆರೆ ಕೂಡುವ ಮೇಲಿನ ಬಿಂದುವಿನಿಂದ ಹೊರಡಿ. ಮೊದಲು ಹೊರಗಿನ ತುದಿ ಸುತ್ತುವ 4 ಓರೆ ಹೊಲಿಗೆ ಹೋಗಿ, ಅದರಲ್ಲೇ ಮರಳಿ. ಆಮೇಲೆ ಚೌಕದ ಬದಿಯಲ್ಲಿ 4 ಹೊಲಿಗೆ ಇಳಿದರೆ ಎರಡನೇ ಕೂಡುಬಿಂದು. ಅಲ್ಲಿಂದ ಚೌಕದ ಮೂಲೆಯನ್ನು ಒಳಗಿನಿಂದ ಕಡಿಯುವ 3 ಓರೆ ಹೊಲಿಗೆ ಹೋಗಿ ಮರಳಿ, ನಂತರ ಮೂಲೆ ಸುತ್ತಿ 6 ಹೊಲಿಗೆ. ಹೀಗೆ ನಾಲ್ಕು ಬದಿ. ಹೊರಟ ಬಿಂದುವಿಗೆ ಬಂದಾಗ ಓರೆ ಚೌಕ ಎರಡೂ ಮೈಯಲ್ಲಿ ಮುಗಿದಿರುತ್ತದೆ, ನೆಟ್ಟ ಚೌಕ ಅರ್ಧ ಆಗಿರುತ್ತದೆ. ಅಲ್ಲಿಂದ ತಿರುಗಿ 40 ಹೊಲಿಗೆ ಮರಳಿ ಬನ್ನಿ. ಬಣ್ಣ ಸರಿ ಹಾಕಿದ್ದರೆ ಕೆಂಪು 36, ನೀಲಿ 32.

ಹೋಗುವಾಗ ತಪ್ಪು ಹಿಡಿಯಲು ಒಂದು ಗುರುತು: ಎಂಟೂ ಕೂಡುಬಿಂದುಗಳಲ್ಲಿ, ಕವಲಿಗೆ ಹೋಗುವ ಮೊದಲೂ ಹೋಗಿ ಬಂದ ಮೇಲೂ, ಸೂಜಿ ಕೆಳಗಿನಿಂದ ಮೇಲೆ ಎದ್ದು ಬರಬೇಕು. ಮೇಲಿನಿಂದ ಕೆಳಗೆ ಇಳಿಯುವ ಸರದಿ ಬಂತೆಂದರೆ ಹಿಂದೆ ಎಲ್ಲೋ ಒಂದು ಹೊಲಿಗೆ ತಪ್ಪಿದೆ. ಅಲ್ಲೇ ನಿಂತು ಬಿಚ್ಚಿ, ಮುಂದೆ ಹೋದಷ್ಟೂ ಬಿಚ್ಚುವುದು ಹೆಚ್ಚು.

ದೊಡ್ಡ ನಕ್ಷೆಯಲ್ಲಿ ಇನ್ನೊಂದು ಪರೀಕ್ಷೆ ಬೇಕು: ಎಲ್ಲ ಗೆರೆಗಳೂ ಒಂದಕ್ಕೊಂದು ಕೂಡಿವೆಯೇ? ನವಿಲಿನ ಕಣ್ಣು, ಆನೆಯ ಮೇಲಿನ ಅಂಬಾರಿಯ ಚುಕ್ಕಿ ಬೇರೆಯಾಗಿ ನಿಂತಿದ್ದರೆ ಅಲ್ಲಿಗೆ ದಾರ ಹಾರಿಸಬೇಕು, ಹಾರಿಸಿದ್ದು ಹಿಂಮೈಯಲ್ಲಿ ಕಾಣುತ್ತದೆ. ನಕ್ಷೆಯ ಇನ್ನೊಂದು ಪ್ರತಿ ತೆಗೆದು ಪಾತ್ → ಸ್ಟ್ರೋಕ್ ಟು ಪಾತ್, ಆಮೇಲೆ ಯೂನಿಯನ್ ಮಾಡಿ. ಹೊಸ ಆವೃತ್ತಿಗಳಲ್ಲಿ ಸ್ಪ್ಲಿಟ್ ಪಾತ್ ಕೊಟ್ಟರೆ ಕೂಡದ ತುಂಡುಗಳು ಬೇರೆಬೇರೆ ವಸ್ತುಗಳಾಗಿ ಒಡೆಯುತ್ತವೆ, ಎಷ್ಟೆಂದು ಕೆಳಗಿನ ಪಟ್ಟಿಯಲ್ಲಿ ಬರುತ್ತದೆ. ಒಂದಕ್ಕಿಂತ ಹೆಚ್ಚಿದ್ದರೆ ಒಂದೆರಡು ಹೊಲಿಗೆ ಸೇರಿಸಿ ಜೋಡಿಸಿ, ಇಲ್ಲವೇ ಆ ತುಂಡಿಗೆ ಬೇರೆ ದಾರ ಎಂದು ಒಪ್ಪಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಈ ಪ್ರತಿಯನ್ನು ಅಳಿಸಿಬಿಡಿ.

ದಾರ, ಸೂಜಿ

14ರ ಐಡಾಗೆ ಆರೆಳೆಯ ಲಡಿಯಿಂದ ಎರಡೆಳೆ, ನುಣುಪು ಸೀರೆಗೆ ಒಂದೆಳೆ. ಸೂಜಿ ಮೊಂಡು ತುದಿಯದು, 24 ಅಥವಾ 26ನೇ ನಂಬರಿನ ಟೇಪೆಸ್ಟ್ರಿ ಸೂಜಿ. ಚೂಪು ಸೂಜಿ ಕೂಡುಬಿಂದುವಿನಲ್ಲಿ ಮೊದಲೇ ಇರುವ ದಾರವನ್ನು ಸೀಳುತ್ತದೆ, ಬಿಚ್ಚುವ ಪ್ರಸಂಗ ಬಂದರೆ ಬಿಚ್ಚಲಿಕ್ಕೂ ಆಗುವುದಿಲ್ಲ.

ದಾರ ಎಷ್ಟು ಬೇಕೆಂದು ಎಕ್ಸ್‌ಟೆನ್ಷನ್ಸ್ → ವಿಜುಲೈಸ್ ಪಾತ್ → ಮೆಷರ್ ಪಾತ್‌ನಿಂದ ತಿಳಿಯಬಹುದು. ನಕ್ಷತ್ರದ ಗೆರೆಗಳ ಒಟ್ಟು ಉದ್ದ ಐಡಾದ ಅಳತೆಯಲ್ಲಿ ಸುಮಾರು 144 ಮಿ.ಮೀ. ಎರಡೂ ಮೈಗೆ 289. ಬಟ್ಟೆಯ ದಪ್ಪ ದಾಟಲು ಕಾಲು ಭಾಗ ಸೇರಿಸಿದರೆ 36 ಸೆಂ.ಮೀ. ಶುರುವಿಗೂ ಕೊನೆಗೂ 8 ಸೆಂ.ಮೀ. ಬಾಲ ಬಿಟ್ಟರೆ 52. ಹಾಗಾಗಿ 60 ಸೆಂ.ಮೀ. ಕತ್ತರಿಸಿ. ದೊಡ್ಡ ಆಕೃತಿಯಲ್ಲಿ ದಾರ ನಡುವೆ ಮುಗಿಯುವುದು ಖಚಿತ, ಮುಗಿಯುವ ಜಾಗ ಕವಲು ಒಡೆಯುವ ಬಿಂದುವಾಗಿರಲಿ. ಗಂಟು ಬೇಡ, ಬಾಲವನ್ನು ಮುಗಿದ ಹೊಲಿಗೆಗಳ ಅಡಿ ನಾಲ್ಕೈದು ಸಲ ತೂರಿಸಿ ಕತ್ತರಿಸಿ.

ಮರಳುವಾಗ ಗೆರೆ ಹಲ್ಲುಹಲ್ಲಾಗಿ ಕಂಡರೆ ಕಾರಣ ಸೂಜಿ ಒಮ್ಮೆ ಹಳೆಯ ದಾರದ ಒಂದು ಮಗ್ಗುಲಿಗೆ, ಒಮ್ಮೆ ಇನ್ನೊಂದು ಮಗ್ಗುಲಿಗೆ ಹೇಗೆಂದರೆ ಹಾಗೆ ಏಳುವುದು. ಯಾವಾಗಲೂ ಹಳೆಯ ಹೊಲಿಗೆಯ ಮೇಲಿನ ಮಗ್ಗುಲಲ್ಲಿ ಎದ್ದು, ಕೆಳಗಿನ ಮಗ್ಗುಲಲ್ಲಿ ಇಳಿಯಿರಿ.

ಕೆಂಪು, ಕಡುನೀಲಿ ದಾರ ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಪರದೆಯ ಬಣ್ಣ ನೋಡಿ ದಾರ ಕೊಳ್ಳಬೇಡಿ. ಹುಬ್ಬಳ್ಳಿಯ ದುರ್ಗದಬೈಲಿಗೋ ಧಾರವಾಡದ ಸುಭಾಸ ರಸ್ತೆಗೋ ಹೋಗುವಾಗ ಬಟ್ಟೆಯ ತುಂಡನ್ನೇ ಜೊತೆಗೊಯ್ದು ಹಗಲು ಬೆಳಕಿಗೆ ಹಿಡಿದು ಆರಿಸಿ.

ಹಳೆಯ ಸೀರೆಯಿಂದ ಆಕೃತಿ ಎತ್ತುವುದು

ಸೀರೆಯನ್ನು ನೆಲಕ್ಕೆ ಹಾಸಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ಮೊಬೈಲನ್ನು ನೇರ ಮೇಲಿನಿಂದ ಹಿಡಿದು ಫೋಟೊ ತೆಗೆಯಿರಿ. ಇಂಕ್‌ಸ್ಕೇಪ್‌ಗೆ ಇಂಪೋರ್ಟ್ ಮಾಡಿ, ಮಬ್ಬು ಮಾಡಿ, ಲೇಯರಿಗೆ ಬೀಗ ಹಾಕಿ, ಮೇಲೆ ಇನ್ನೊಂದು ಲೇಯರಿನಲ್ಲಿ ಕೈಯಿಂದ ಬರೆಯಿರಿ. ಟ್ರೇಸ್ ಬಿಟ್‌ಮ್ಯಾಪ್ ಎಂಬ ಸುಲಭದ ಗುಂಡಿ ಇದೆ, ಮುಟ್ಟಬೇಡಿ. ಅದು ದಾರದ ಎರಡೂ ಅಂಚನ್ನು ಬಾಗಿದ ಗೆರೆಗಳಾಗಿ ಬಿಡಿಸುತ್ತದೆ, ಎಣಿಸಲು ಒಂದು ಮನೆಯೂ ಉಳಿಯುವುದಿಲ್ಲ. ಫೋಟೊ ಚೌಕುಳಿಗೆ ಕೂರದಿದ್ದರೆ ಚೌಕುಳಿಯನ್ನೇ ನಂಬಿ. ಸೀರೆಯ ಮೇಲಿನ ಹೊಲಿಗೆಗಳನ್ನು ಬೆರಳಿಟ್ಟು ಎಣಿಸಿ ಆ ಸಂಖ್ಯೆಯನ್ನೇ ಬರೆಯಿರಿ. ಹಳೆಯ ಕೆಲಸದಲ್ಲಿ ಎಡಕ್ಕೂ ಬಲಕ್ಕೂ ಒಂದು ಹೊಲಿಗೆ ಹೆಚ್ಚುಕಡಿಮೆ ಇರುವುದುಂಟು. ಅದನ್ನು ತಿದ್ದಬೇಕೋ ಹಾಗೇ ಇಡಬೇಕೋ ನಿಮ್ಮ ಇಷ್ಟ, ಆದರೆ ಅರ್ಧ ಬರೆದು ಕನ್ನಡಿ ಮಾಡುವ ಮೊದಲು ನಿರ್ಧರಿಸಿ.

ಕನ್ನಡಿ ಮಾಡುವಾಗ ನಡುಗೆರೆ ಎಲ್ಲಿ ಎಂಬುದು ಮುಖ್ಯ. ಗೋಪುರದ ತುದಿಗೆ ಒಂದೇ ಹೊಲಿಗೆಯ ಕಳಸ ನಿಲ್ಲಬೇಕಾದರೆ ನಡುವು ಗ್ರಿಡ್ ಗೆರೆಯ ಮೇಲೇ ಬರಬೇಕು, ಒಟ್ಟು ಅಗಲ ಸಮ ಮನೆಗಳಾಗಿರಬೇಕು. 25 ಮನೆ ಅಗಲವಿಟ್ಟರೆ ನಡುವು ಮನೆಯ ಮಧ್ಯಕ್ಕೆ ಬಿದ್ದು ಕಳಸಕ್ಕೆ ಜಾಗ ಸಿಗದು. ಕನ್ನಡಿ ಮಾಡಿ ಜೋಡಿಸಿದಾಗ ನಡುಗೆರೆಯ ಮೇಲಿನ ಹೊಲಿಗೆಗಳು ಎರಡೆರಡಾಗಿ ಒಂದರ ಮೇಲೊಂದು ಕೂರುತ್ತವೆ, ಒಂದನ್ನು ಅಳಿಸಿ.

ದಡಿಯ ಲೆಕ್ಕ, ಮುದ್ರಣ

24 ಮನೆಯ ಗೋಪುರ, ನಡುವೆ 4 ಮನೆ ಅಂತರ, ಒಟ್ಟು 28. 48-40ರ ಬಟ್ಟೆಯಲ್ಲಿ ಇದು 59.3 ಮಿ.ಮೀ. 30 ಸೆಂ.ಮೀ. ದಡಿಗೆ ಐದು ಗೋಪುರ. ಕೊನೆಯ ಅಂತರ ಬೇಡವಾದ್ದರಿಂದ 5 ಗುಣಿಸು 28, ಕಳೆ 4, ಅಂದರೆ 136 ಮನೆ, 288 ಮಿ.ಮೀ. ಉಳಿದ 12ನ್ನು ಎರಡು ತುದಿಗೆ ಆರಾರು ಹಂಚಿ, ಹೊಲಿಗೆಯನ್ನು ನಡುವಿನ ಗೋಪುರದಿಂದ ಶುರುಮಾಡಿ.

ಮುದ್ರಣಕ್ಕೆ ಪಿಡಿಎಫ್ ಮಾಡಿಕೊಳ್ಳಿ. ಪುಟದ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಗೆರೆಯೊಂದು ಇರಲಿ. ಜೆರಾಕ್ಸ್ ಅಂಗಡಿಯಲ್ಲಿ ‘ಫಿಟ್ ಟು ಪೇಜ್’ ತೆಗೆಸಿ ‘ಆಕ್ಚುವಲ್ ಸೈಜ್’ ಹಾಕಿಸಿ, ಬಂದ ಹಾಳೆಯಲ್ಲಿ ಆ ಗೆರೆಯನ್ನು ಅಳೆಯಿರಿ. 97 ಬಂದರೆ ಹಾಳೆಯನ್ನು ಬಟ್ಟೆಯ ಮೇಲಿಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಓದಿಕೊಂಡು ಹೊಲಿಯಲು ಇದೇ ನಕ್ಷೆಯನ್ನು ಮೂರು ಪಟ್ಟು ಹಿಗ್ಗಿಸಿ ಇನ್ನೊಂದು ಪ್ರತಿ ತೆಗೆಸಿ. ತೆರೆಯ ಮೇಲೆ ಕಾಣುವ ಗ್ರಿಡ್ ಕಾಗದಕ್ಕೆ ಬರುವುದಿಲ್ಲ. ಎಕ್ಸ್‌ಟೆನ್ಷನ್ಸ್ → ರೆಂಡರ್ → ಗ್ರಿಡ್ಸ್‌ನಿಂದ ಅಥವಾ ಕೈಯಿಂದ ತೆಳು ಬೂದು ಗೆರೆಗಳನ್ನು ಬೇರೆ ಲೇಯರಿನಲ್ಲಿ ಹಾಕಿಕೊಳ್ಳಬೇಕು.

ಬಟ್ಟೆಯ ಮೇಲೆ ಬೇರೆ ಬಣ್ಣದ ನೂಲಿನಿಂದ ಪ್ರತಿ 40 ಎಳೆಗೊಂದು ಉದ್ದ ಟಾಕಿ ಹಾಕಿ, ಅಡ್ಡಕ್ಕೂ ಉದ್ದಕ್ಕೂ. ನಾಲ್ಕು ಎಳೆಯ ಹತ್ತು ಮನೆ, ನಕ್ಷೆಯ ದಪ್ಪ ಗೆರೆಗೆ ಸರಿಸಮ. ಎಣಿಕೆ ತಪ್ಪಿದರೆ ಹತ್ತು ಮನೆಯೊಳಗೇ ಸಿಕ್ಕಿಬೀಳುತ್ತದೆ. ಕೆಲಸ ಮುಗಿದ ಮೇಲೆ ಟಾಕಿ ಎಳೆದುಬಿಡಿ.

ಕಸೂತಿಯ ಉಳಿದ ಮೂರು ಹೊಲಿಗೆಗಳು ಮುರಗಿ, ನೇಯ್ಗೆ, ಮೆಂತಿ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಹೊಲಿಗೆ, ಹೋಗಿ ಬರುವುದು ಗವಂತಿಯಂತೆಯೇ, ಆದ್ದರಿಂದ ಇದೇ ಕೆಂಪು-ನೀಲಿ ಲೆಕ್ಕ ನಡೆಯುತ್ತದೆ. ನೇಯ್ಗೆ ಮತ್ತು ಮೆಂತಿಗೆ ಗೆರೆಯ ನಕ್ಷೆ ಬೇಡ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಕಂಬಗಳ ಅಗಲವನ್ನೂ ಸಾಲುಗಳ ಎತ್ತರವನ್ನೂ 5 ಮಿ.ಮೀ. ಮಾಡಿ, ಮನೆಗೆ ಬಣ್ಣ ತುಂಬುತ್ತ ಹೋದರೆ ಸಾಕು. ಮೆಂತಿಯಲ್ಲಿ ಒಂದು ಮನೆಗೆ ಒಂದು ಕತ್ತರಿ ಹೊಲಿಗೆ. ನೇಯ್ಗೆಯಲ್ಲಿ ಬಣ್ಣ ತುಂಬಿದ ಮನೆಗಳ ಮೇಲೆ ದಾರ ತೇಲುತ್ತದೆ, ಖಾಲಿ ಮನೆಗಳ ಅಡಿಯಲ್ಲಿ ಹೋಗುತ್ತದೆ. ಒಂದೇ ಸಾಲಿನಲ್ಲಿ ಬಹಳ ಮನೆ ಬಿಡದೆ ಬಣ್ಣ ತುಂಬಿದ್ದರೆ ಆ ತೇಲುವ ದಾರ ಬಳೆಗೆ ಸಿಕ್ಕಿ ಕೀಳುತ್ತದೆ, ನಡುವೆ ಒಂದು ಮನೆ ಖಾಲಿ ಬಿಡಿ. ನೇಯ್ಗೆಯ ಹಿಂಮೈ ಮುಂಮೈಗೆ ತದ್ವಿರುದ್ಧ, ಮೆಂತಿಯ ಹಿಂಮೈಯೂ ಮುಂದಿನಂತೆ ಇರುವುದಿಲ್ಲ. ಎರಡೂ ಕಡೆ ಕಾಣುವ ದುಪಟ್ಟಾಕ್ಕೆ, ಸೆರಗಿನ ತುದಿಗೆ ಗವಂತಿ, ಮುರಗಿ ಇರಲಿ. ಒಳಗೆ ಅಸ್ತರು ಬರುವ ಕುಪ್ಪಸದ ತೋಳಿಗೆ, ಚೀಲಕ್ಕೆ, ದಿಂಬಿನ ಚೀಲಕ್ಕೆ ನೇಯ್ಗೆ, ಮೆಂತಿ ಎರಡನ್ನೂ ಧಾರಾಳವಾಗಿ ಹಾಕಬಹುದು.